ನೇರ ದಾರಿ ಇಲ್ಲದ ಆಫೀಸು

ಜುಲೈ ಬಂತು ಅಂದ್ರೆ ಊರಿಂದ ಬರೋ ಫೋನಿನಲ್ಲಿ ಒಂದೇ ಪ್ರಶ್ನೆ.

“ನಿನ್ನ ಮೊಬೈಲಲ್ಲಿ ಏನು ತೋರಿಸ್ತಿದೆ ಮಾರಾಯ್ತಿ? ನಾಳೆ ಹೊಳವಾಗ್ತದಾ?”

ಅಪ್ಪಯ್ಯನಿಗೆ ಬೇಕಾಗಿರೋದು ಅರ್ಧ ದಿನದ ಹೊಳವು, ಅಷ್ಟೇ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣ ಕಲಸಿದ ಔಷಧಿ ಹೊಡೆಸಬೇಕು. ಹೊಡೆದಿದ್ದು ಕೊನೆಗೆ ಅಂಟಿ ಒಣಗೋಕೆ ಕೆಲವು ಗಂಟೆ ಬೇಕು. ಅಷ್ಟರೊಳಗೆ ಮಳೆ ಹೊಯ್ದರೆ ಔಷಧಿಯೂ ಹೋಯ್ತು, ಕೂಲಿಯೂ ಹೋಯ್ತು. ಮರ ಹತ್ತೋರು ಸಿಗೋದೇ ಕಷ್ಟ, ಮತ್ತೆ ಯಾವತ್ತು ಸಿಗ್ತಾರೋ ಹೇಳೋಕಾಗಲ್ಲ.

ನಾನು ಬೆಂಗಳೂರಲ್ಲಿ ಕೂತು ಆ್ಯಪ್ ತೆಗೆದು “60 ಪರ್ಸೆಂಟ್ ಮಳೆ ಅಂತಿದೆ” ಅಂತೀನಿ. “ಅಂದ್ರೆ ಬರ್ತದೋ ಇಲ್ವೋ?” ಅಂತಾರೆ ಅಪ್ಪಯ್ಯ. ಉತ್ತರ ನನ್ನ ಹತ್ತಿರ ಇಲ್ಲ.

ಆ 60 ಪರ್ಸೆಂಟ್ ಎಲ್ಲಿಂದ ಬರುತ್ತೆ ಅಂತ ನಾನೂ ಬಹಳ ವರ್ಷ ಯೋಚಿಸಿರಲಿಲ್ಲ. ಎಲ್ಲೋ ಸ್ಯಾಟಲೈಟ್, ಎಲ್ಲೋ ಕಂಪ್ಯೂಟರ್ ಅಂದುಕೊಂಡು ಸುಮ್ಮನಿದ್ದೆ. ಕೆಲವು ವರ್ಷದ ಹಿಂದೆ ಪ್ರಾಜೆಕ್ಟ್ ಕೆಲಸದ ಮೇಲೆ ಎರಡು ತಿಂಗಳು ಅಮೆರಿಕದ ಡೆನ್ವರ್‌ನಲ್ಲಿದ್ದೆ. ಒಂದು ಶನಿವಾರ ಸಹೋದ್ಯೋಗಿಯೊಬ್ಬರು, “ಬಾ, ಮಳೆ ಲೆಕ್ಕ ಹಾಕೋರ ಮನೆ ತೋರಿಸ್ತೀನಿ” ಅಂತ ಕಾರು ಹತ್ತಿಸಿಕೊಂಡು ಬೌಲ್ಡರ್ ಊರಿಗೆ ಕರೆದುಕೊಂಡು ಹೋದರು.

ಬೌಲ್ಡರ್‌ನ ಬೆನ್ನಿಗೇ ರಾಕಿ ಪರ್ವತ ಶುರು. ಊರಿನ ಪಶ್ಚಿಮಕ್ಕೆ ಕೆಂಪು ಮರಳುಗಲ್ಲಿನ ದೈತ್ಯ ಚಪ್ಪಡಿಗಳು ಓರೆಯಾಗಿ ಎದ್ದು ನಿಂತಿವೆ. ಇಸ್ತ್ರಿಪೆಟ್ಟಿಗೆಯ ಹೆಸರೇ ಅವಕ್ಕೆ, ಫ್ಲ್ಯಾಟ್‌ಐರನ್ಸ್ ಅಂತ. ಅದರ ಬುಡದಲ್ಲಿ ತಲೆ ಚಪ್ಪಟೆಯಾದ ಒಂದು ಗುಡ್ಡ. ಅಂಥ ಗುಡ್ಡಕ್ಕೆ ಆ ಕಡೆ ‘ಮೇಸಾ’ ಅಂತಾರೆ. ರಸ್ತೆ ನೆಟ್ಟಗೆ ಮೇಲೇರಲ್ಲ, ಬಳಸಿಕೊಂಡು ಹೋಗುತ್ತೆ. ಕಟ್ಟಡ ಒಮ್ಮೆ ಕಾಣುತ್ತೆ, ಒಮ್ಮೆ ಮರೆಯಾಗುತ್ತೆ. ಸುತ್ತ ಹುಲ್ಲುಗಾವಲು, ಅಲ್ಲಲ್ಲಿ ಮೇಯುವ ಜಿಂಕೆ. ಬೇರೆ ಒಂದೂ ಕಟ್ಟಡ ಇಲ್ಲ.

ನಿಜ ಹೇಳ್ತೀನಿ, ಮೊದಲ ನೋಟಕ್ಕೆ ನನಗೆ ಚಂದ ಅನಿಸಲಿಲ್ಲ. ಬಣ್ಣ ಕಾಣದ ಕಾಂಕ್ರೀಟ್ ಗೋಪುರಗಳು, ಸಪೂರ ಸೀಳಿನ ಹಾಗೆ ಕಿಟಕಿಗಳು, ತುದಿಯಲ್ಲಿ ಮುಸುಕು ಹಾಕಿದಂಥ ಆಕಾರ. ಕೋಟೆಯೋ ಅಣೆಕಟ್ಟಿನ ಭಾಗವೋ ಅಂತ ಅನುಮಾನ ಬಂತು. ಹತ್ತಿರ ಹೋಗಿ ಗೋಡೆ ಮುಟ್ಟಿದಾಗ ಗೊತ್ತಾಯ್ತು, ಅದು ಬೂದು ಬಣ್ಣವೂ ಅಲ್ಲ, ನಯವೂ ಅಲ್ಲ. ಆ ಸೀಮೆಯ ಕೆಂಪು ಕಲ್ಲನ್ನೇ ಪುಡಿ ಮಾಡಿ ಕಾಂಕ್ರೀಟಿಗೆ ಸೇರಿಸಿದ್ದಾರೆ. ಗಟ್ಟಿಯಾದ ಮೇಲೆ ಸುತ್ತಿಗೆಯಿಂದ ಮೇಲ್ಮೈ ಕುಟ್ಟಿ, ಒಳಗಿನ ಕಲ್ಲು ಕಾಣೋ ಹಾಗೆ ಒರಟು ಮಾಡಿದ್ದಾರೆ. ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದರೆ ಕಟ್ಟಡದ ಬಣ್ಣವೂ ಹಿಂದಿನ ಬೆಟ್ಟದ ಬಣ್ಣವೂ ಒಂದೇ ಮನೆತನದ್ದು.

ಇದು ಮೇಸಾ ಲ್ಯಾಬ್. ನ್ಯಾಷನಲ್ ಸೆಂಟರ್ ಫಾರ್ ಅಟ್ಮಾಸ್ಫಿಯರಿಕ್ ರಿಸರ್ಚ್, ಅಂದರೆ ಎಲ್ಲರೂ ‘ಎನ್‌ಕಾರ್’ ಅಂತ ಕರೆಯೋ ಸಂಸ್ಥೆಯ ಮನೆ. ಸಂಸ್ಥೆ ಹುಟ್ಟಿದ್ದು 1960ರಲ್ಲಿ. ಕಟ್ಟಡ ಉದ್ಘಾಟನೆಯಾಗಿದ್ದು 1967ರಲ್ಲಿ.

ಇದರ ಹಿಂದೆ ಇಬ್ಬರ ಕಥೆ ಇದೆ. ಒಬ್ಬರು ಮೊದಲ ನಿರ್ದೇಶಕ ವಾಲ್ಟರ್ ಓರ್ ರಾಬರ್ಟ್ಸ್. ಮೂಲದಲ್ಲಿ ಸೂರ್ಯನನ್ನು ಓದುತ್ತಿದ್ದ ಖಗೋಳ ವಿಜ್ಞಾನಿ. ಹವಾಮಾನ ಅನ್ನೋದು ಒಂದು ಸಬ್ಜೆಕ್ಟ್‌ನವರಿಂದ ಬಿಡಿಸೋಕಾಗದ ಗಂಟು ಅನ್ನೋದು ಅವರಿಗೆ ಗೊತ್ತಿತ್ತು. ಸೂರ್ಯ ಬೇಕು, ಸಮುದ್ರ ಬೇಕು, ರಸಾಯನಶಾಸ್ತ್ರ ಬೇಕು, ಗಣಿತ ಬೇಕು, ಆಗಷ್ಟೇ ಬರುತ್ತಿದ್ದ ಕಂಪ್ಯೂಟರೂ ಬೇಕು. ಇವರೆಲ್ಲ ಒಬ್ಬರಿಗೊಬ್ಬರು ದಿನಾ ಎದುರಾಗಬೇಕು. ಹಾಗಂತ ಯಾವಾಗಲೂ ಮಾತಾಡ್ತಾ ಕೂತರೆ ಕೆಲಸ ಯಾವಾಗ? ಒಬ್ಬರೇ ಕೂತು ಯೋಚಿಸೋಕೂ ಜಾಗ ಬೇಕು.

ಇನ್ನೊಬ್ಬರು ವಾಸ್ತುಶಿಲ್ಪಿ ಐ. ಎಂ. ಪೇ. ಚೀನಾದ ಗ್ವಾಂಗ್‌ಜೌನಲ್ಲಿ 1917ರಲ್ಲಿ ಹುಟ್ಟಿ, ಓದೋಕೆ 1935ರಲ್ಲಿ ಅಮೆರಿಕಕ್ಕೆ ಬಂದವರು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಅಂಗಳದ ಗಾಜಿನ ಪಿರಮಿಡ್ ನೋಡಿದೀರಲ್ಲ, ಅದು ಇವರದ್ದೇ. ಆದರೆ ಅದು 1989ರ ಮಾತು. ಮೇಸಾ ಲ್ಯಾಬ್ ಕೆಲಸ ಸಿಕ್ಕಾಗ ಪೇ ಅಲ್ಲಿಯವರೆಗೆ ಮಾಡಿದ್ದು ಬಹುಪಾಲು ಪಟ್ಟಣದ ಕೆಲಸ, ರಿಯಲ್ ಎಸ್ಟೇಟ್ ಉದ್ಯಮಿಯೊಬ್ಬರಿಗಾಗಿ ಕಟ್ಟಿಕೊಟ್ಟ ವಸತಿ ಸಮುಚ್ಚಯ, ಆಫೀಸು ಇಂಥವು. ಇಲ್ಲಿ ಬೀದಿ ಇಲ್ಲ, ಪಕ್ಕದ ಕಟ್ಟಡ ಇಲ್ಲ. ಎದುರಿಗೆ ಪರ್ವತ. ಏನು ಬರೆದರೂ ಬೆಟ್ಟದ ಮುಂದೆ ಆಟಿಕೆ ಸಾಮಾನಿನ ಹಾಗೆ ಕಾಣ್ತಿತ್ತು.

ಚಿಕ್ಕಂದಿನಲ್ಲಿ ಪೇ ತಾಯಿಯ ಜೊತೆ ಬೆಟ್ಟದ ಮೇಲಿನ ಬೌದ್ಧ ವಿಹಾರಕ್ಕೆ ಹೋಗಿದ್ದರಂತೆ. ಸುಮ್ಮನೆ ಕೂತು ಮೌನ ಕೇಳಿಸಿಕೊಳ್ಳೋದನ್ನು ಆ ತಾಯಿ ಕಲಿಸಿದ್ದರು. ಮಗನಿಗೆ ಹದಿಮೂರು ವರ್ಷ ಆಗಿದ್ದಾಗಲೇ ತೀರಿಕೊಂಡರು. ಕೊಲರಾಡೊದ ಗುಡ್ಡದ ಮೇಲೆ ಮತ್ತೆ ಅದನ್ನೇ ಮಾಡೋಕೆ ಪ್ರಯತ್ನಪಟ್ಟೆ ಅಂತ ಪೇ ಆಮೇಲೆ ನೆನೆಸಿಕೊಂಡಿದ್ದಾರೆ.

ದಾರಿ ಸಿಕ್ಕಿದ್ದು ಅದೇ ರಾಜ್ಯದ ಇನ್ನೊಂದು ಮೂಲೆಯಲ್ಲಿ, ಮೇಸಾ ವರ್ಡೆಯಲ್ಲಿ. ಅಲ್ಲಿ ಎಂಟುನೂರು ವರ್ಷದ ಹಿಂದೆ ಪ್ಯೂಬ್ಲೊ ಜನರ ಪೂರ್ವಿಕರು ಬಂಡೆಯ ಪೊಟರೆಯೊಳಗೆ ಕಲ್ಲಿನ ಊರನ್ನೇ ಕಟ್ಟಿದ್ದರು. ಗೋಪುರ, ಚೌಕ, ಮನೆ ಎಲ್ಲ ಒಂದಕ್ಕೊಂದು ಒರಗಿಕೊಂಡ ಹಾಗೆ. ಕಲ್ಲೂ ಅಲ್ಲಿಯದೇ, ಬಣ್ಣವೂ ಅಲ್ಲಿಯದೇ. ಬೆಟ್ಟದ ಜೊತೆ ಪೈಪೋಟಿಗೆ ಇಳಿಯದೆ ಬೆಟ್ಟದೊಳಗೆ ಸೇರಿಕೊಂಡ ಊರು. ಪೇ ಅದನ್ನು ನೋಡಿ ಬಂದು ತಮ್ಮ ನಕ್ಷೆ ಬರೆದರು.

ಆ ಊರಿನ ಬಗ್ಗೆ ಇನ್ನೊಂದು ಸಂಗತಿ ಇದೆ. 13ನೇ ಶತಮಾನದ ಕೊನೆಯ ಹೊತ್ತಿಗೆ ಜನ ಅಲ್ಲಿಂದ ಎದ್ದು ಹೋದರು. ಆ ಕಾಲದ ಮರಗಳ ಉಂಗುರ ಎಣಿಸಿದವರು 1276ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಭಾರಿ ಬರ ಇತ್ತು ಅಂತ ಕಂಡುಕೊಂಡಿದ್ದಾರೆ. ಬರ ಒಂದೇ ಕಾರಣ ಅಲ್ಲದಿರಬಹುದು, ಆದರೆ ದೊಡ್ಡ ಕಾರಣ. ಮಳೆ ಕೈಕೊಟ್ಟ ಊರಿನ ಆಕಾರ ಹೊತ್ತ ಕಟ್ಟಡದಲ್ಲಿ ಮಳೆಯ ಲೆಕ್ಕ ನಡೀತಿದೆ.

ಜಾಗ ಸಿಕ್ಕಿದ್ದೂ ಸುಲಭವಾಗಿ ಅಲ್ಲ. ಬೆಟ್ಟದ ಮೇಲೆಲ್ಲ ಮನೆ ಎದ್ದು ಹಾಳಾಗಬಾರದು ಅಂತ ಬೌಲ್ಡರ್ ಜನ 1959ರಲ್ಲಿ ಒಂದು ‘ನೀಲಿ ಗೆರೆ’ ಎಳೆದುಕೊಂಡಿದ್ದರು. ಸಮುದ್ರಮಟ್ಟದಿಂದ 5,750 ಅಡಿಗಿಂತ ಮೇಲೆ ನಗರದ ನೀರು ಕೊಡೋದಿಲ್ಲ ಅನ್ನೋ ನಿಯಮ. ಈ ಗುಡ್ಡ ಆ ಗೆರೆಗಿಂತ ಮೇಲಿತ್ತು. ಹಾಗಾಗಿ 1961ರಲ್ಲಿ ಮತ್ತೆ ಮತ ಹಾಕಿ, ಈ ಒಂದು ಕಟ್ಟಡಕ್ಕೆ ಮಾತ್ರ ವಿನಾಯಿತಿ ಅಂತ ಜನರೇ ಒಪ್ಪಿಗೆ ಕೊಟ್ಟರು. ಯೋಚನೆ ಮಾಡಿ, ಒಂದು ಲ್ಯಾಬ್‌ಗೆ ನಲ್ಲಿ ನೀರು ಕೊಡಬೇಕೋ ಬೇಡವೋ ಅಂತ ಊರಿಗೆ ಊರೇ ಓಟು ಹಾಕಿದೆ! ಸುತ್ತ ಇನ್ನೊಂದು ಕಟ್ಟಡ ಇಲ್ಲದಿರೋದರ ಗುಟ್ಟು ಇದೇ.

ಒಳಗೆ ಹೋದೆವು. ನೋಡಬಂದವರಿಗೆ ಟಿಕೆಟ್ ಇಲ್ಲ. ಕೆಳಗಿನ ಮಹಡಿಯಲ್ಲಿ ಸುಂಟರಗಾಳಿ, ಮಿಂಚು, ಮೋಡ ಹೇಗೆ ಆಗುತ್ತೆ ಅಂತ ತೋರಿಸೋ ಪ್ರದರ್ಶನ ಇದೆ, ಮಕ್ಕಳು ಕುಣಿದಾಡ್ತಿದ್ದರು. ನಾನು ವಾಪಸ್ ಬರೋಕೆ ಹೊರಟು ದಾರಿ ತಪ್ಪಿಸಿಕೊಂಡೆ. ನಾಚಿಕೆ ಆಯ್ತು. ಆಮೇಲೆ ಗೊತ್ತಾಯ್ತು, ಇಲ್ಲಿ ದಾರಿ ತಪ್ಪೋದು ಹೊಸಬರಿಗೆಲ್ಲ ಮಾಮೂಲು.

ಯಾಕಂದ್ರೆ ರಾಬರ್ಟ್ಸ್‌ಗೆ ಉದ್ದನೆಯ ಕಾರಿಡಾರ್ ಬೇಡವಾಗಿತ್ತು. ಆ ಕಡೆ ಈ ಕಡೆ ಸಾಲಾಗಿ ಬಾಗಿಲು, ಎಲ್ಲ ಮುಚ್ಚಿದ್ದು, ಅಂಥ ಆಫೀಸು ಬೇಡ ಅಂದರು. ಪೇ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗೋಕೆ ಹಲವು ದಾರಿ ಇಟ್ಟರು. ಮೆಟ್ಟಿಲು, ತಿರುವು, ಸೇತುವೆ, ತಾರಸಿ. ಯಾವ ದಾರಿಯಲ್ಲಿ ಹೋದರೂ ನಿಮ್ಮ ಗುಂಪಿನವರಲ್ಲದ ಯಾರಾದರೂ ಎದುರಾಗಲೇಬೇಕು. ಗೋಪುರಗಳ ತುದಿಯಲ್ಲಿ ಪುಟ್ಟ ಕೋಣೆಗಳಿವೆ. ‘ಕಾಗೆಗೂಡು’ ಅಂತಾರೆ ಅದಕ್ಕೆ. ಹಡಗಿನ ಕಂಬದ ತುದಿಯಲ್ಲಿ ಕಾವಲಿನವನು ಕೂರೋ ಜಾಗದ ಹೆಸರು. ಒಬ್ಬರೇ ಯೋಚಿಸಬೇಕು ಅನ್ನೋರು ಅಲ್ಲಿಗೆ ಹತ್ತಿ ಹೋಗಬಹುದು. ಮೂರನೇ ಗೋಪುರವೂ ನಕ್ಷೆಯಲ್ಲಿತ್ತು, ದುಡ್ಡು ಸಾಲದೆ ಅದನ್ನು ಕೈಬಿಟ್ಟರು.

ನನಗೆ ನಮ್ಮ ಆಫೀಸು ನೆನಪಾಯ್ತು. ನಮ್ಮಲ್ಲಿ ಐದನೇ ಮಹಡಿಯ ಕಾರ್ಡಿಗೆ ಆರನೇ ಮಹಡಿಯ ಬಾಗಿಲು ತೆಗೆಯಲ್ಲ. ನೂರು ಜನ ಒಂದೇ ಹಾಲಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿರ್ತೀವಿ. ಒಬ್ಬರೇ ಕೂರೋ ಜಾಗವೂ ಇಲ್ಲ, ಬೇರೆಯವರನ್ನು ಅಕಸ್ಮಾತ್ ಭೇಟಿಯಾಗೋ ಜಾಗವೂ ಇಲ್ಲ. ಯಾರ ಹತ್ತಿರವಾದರೂ ಮಾತಾಡಬೇಕಂದ್ರೆ ಕ್ಯಾಲೆಂಡರ್‌ನಲ್ಲಿ ಅರ್ಧ ಗಂಟೆ ಬುಕ್ ಮಾಡಬೇಕು.

ಸರಿ, ಹೀಗೆ ಜನ ಬೆರೆತಿದ್ದರಿಂದ ಬಂದ ಲಾಭ ಏನು? ಒಂದೆರಡು ಹೇಳ್ತೀನಿ.

1971ರಲ್ಲಿ ಎನ್‌ಕಾರ್‌ನ ರೋಲ್ಯಾಂಡ್ ಮ್ಯಾಡೆನ್, ಪಾಲ್ ಜೂಲಿಯನ್ ಅನ್ನೋ ಇಬ್ಬರು ಪೆಸಿಫಿಕ್ ಸಾಗರದ ಕ್ಯಾಂಟನ್ ಅನ್ನೋ ಪುಟ್ಟ ದ್ವೀಪದಲ್ಲಿ ವರ್ಷಗಟ್ಟಲೆ ದಿನಾ ಅಳೆದಿಟ್ಟಿದ್ದ ಗಾಳಿಯ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. 40ರಿಂದ 50 ದಿನಕ್ಕೊಮ್ಮೆ ಏರಿಳಿಯೋ ಒಂದು ತಾಳ ಕಾಣಿಸಿತು. ಸಮಭಾಜಕದ ಉದ್ದಕ್ಕೂ ಮೋಡ-ಮಳೆಯ ದೊಡ್ಡ ಜಾತ್ರೆಯೊಂದು ಹಿಂದೂ ಮಹಾಸಾಗರದ ಕಡೆಯಿಂದ ಪೂರ್ವಕ್ಕೆ ನಿಧಾನವಾಗಿ ಸಾಗುತ್ತೆ. ಅದಕ್ಕೆ ಇವತ್ತು ಇವರಿಬ್ಬರ ಹೆಸರೇ ಇದೆ, ಮ್ಯಾಡೆನ್-ಜೂಲಿಯನ್ ಆಂದೋಲನ. ನಮ್ಮ ಮುಂಗಾರು ಕೆಲವು ವಾರ ಜೋರಾಗಿ ಹೊಯ್ದು ಕೆಲವು ವಾರ ಬಿಡುವು ಕೊಡುತ್ತಲ್ಲ, ಅದರ ಮೇಲೆ ಇದರ ಕೈವಾಡವೂ ಇದೆ. ನಮ್ಮ ಹವಾಮಾನ ಇಲಾಖೆಯವರು ಎರಡು-ಮೂರು ವಾರದ ಮುನ್ಸೂಚನೆ ಬರೆಯುವಾಗ ಆ ಜಾತ್ರೆ ಈಗ ಎಲ್ಲಿದೆ ಅಂತ ನೋಡಿಯೇ ಬರೀತಾರೆ. ಅಪ್ಪಯ್ಯ ಮಳೆ ನಕ್ಷತ್ರ ಎಣಿಸ್ತಾರೆ. ಮೂರು ನಕ್ಷತ್ರ ಕಳೆದರೆ ಸುಮಾರು 40 ದಿನ, ಎರಡನೇ ಔಷಧಿಯ ಹೊತ್ತು. ಎರಡೂ ಲೆಕ್ಕ ಹತ್ತಿರ ಹತ್ತಿರ ಬಂದಿದ್ದು ಕಾಕತಾಳೀಯ, ಆದರೂ ನನಗೆ ಖುಷಿ ಆಯ್ತು.

ಇನ್ನೊಬ್ಬರು ವೀರಭದ್ರನ್ ರಾಮನಾಥನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದವರು. ಅದಕ್ಕೆ ಮೊದಲು ಫ್ರಿಜ್ ತಯಾರಿಸೋ ಕಡೆ ಕೆಲಸದಲ್ಲಿದ್ದಾಗ, ಫ್ರಿಜ್ಜಿನೊಳಗಿನ ಅನಿಲ ಸೋರದ ಹಾಗೆ ನೋಡಿಕೊಳ್ಳೋದು ಅವರ ಪಾಲಿಗೆ ಬಂದಿತ್ತು. ಅಮೆರಿಕಕ್ಕೆ ಹೋದ ಮೇಲೆ 1975ರಲ್ಲಿ ಅದೇ ಜಾತಿಯ ಅನಿಲಗಳು ಭೂಮಿಯನ್ನು ಬಿಸಿ ಮಾಡುತ್ತವೆ ಅಂತ ತೋರಿಸಿದರು. ಆಮೇಲೆ ಎನ್‌ಕಾರ್ ಸೇರಿದರು. ಅಲ್ಲಿ ರಾಮನಾಥನ್ ಬಿಸಿಯ ಲೆಕ್ಕದವರು, ಮ್ಯಾಡೆನ್ ಗಾಳಿ-ಮಳೆಯ ಅಂಕಿಅಂಶದಲ್ಲಿ ತಾಳ ಹುಡುಕೋರು. 1980ರಲ್ಲಿ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದರು. ಇಂಗಾಲದ ಡೈಆಕ್ಸೈಡ್‌ನಿಂದ ಆಗೋ ಬಿಸಿ, ಹವಾಮಾನದ ಸಹಜ ಏರಿಳಿತವನ್ನು ಮೀರಿ 2000ದ ಹೊತ್ತಿಗೆ ಕಣ್ಣಿಗೆ ಕಾಣೋ ಹಾಗೆ ಆಗುತ್ತೆ ಅಂದರು. 2001ರ ಜಾಗತಿಕ ಹವಾಮಾನ ವರದಿ ಹೆಚ್ಚುಕಡಿಮೆ ಅದನ್ನೇ ಹೇಳಿತು. ಬಿಸಿಯವರು ಬೇರೆ ಕಟ್ಟಡ, ತಾಳದವರು ಬೇರೆ ಊರು ಅಂತ ಇದ್ದಿದ್ದರೆ ಇಂಥ ಜೋಡಿ ಕೂಡೋದು ಕಷ್ಟ.

ವಿಮಾನದಲ್ಲಿ ಓಡಾಡ್ತೀರಲ್ಲ? ಗುಡುಗಿನ ಮೋಡದಿಂದ ಗಾಳಿ ಒಮ್ಮೆಲೇ ನೆಲಕ್ಕೆ ಅಪ್ಪಳಿಸಿ ಸುತ್ತ ಹರಡೋದರಿಂದ, ಇಳಿಯೋ ಅಥವಾ ಏರೋ ವಿಮಾನಗಳು ಹಿಂದೆ ಬಿದ್ದು ಹೋಗ್ತಿದ್ದವು. 1982ರಲ್ಲಿ ಎನ್‌ಕಾರ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದವರು ಡೆನ್ವರ್ ವಿಮಾನ ನಿಲ್ದಾಣದ ಸುತ್ತ ರಾಡಾರ್ ಇಟ್ಟು ಅದನ್ನು ಹಿಡಿದರು. ಅದರಿಂದ ಎಚ್ಚರಿಕೆ ಕೊಡೋ ಸಾಧನ ಬಂತು, ಪೈಲಟ್‌ಗಳ ತರಬೇತಿಯೇ ಬದಲಾಯ್ತು.

ಅಲ್ಲಿ ಒಂದು ಹಳೇ ಕಂಪ್ಯೂಟರನ್ನು ನೋಡೋಕೆ ಇಟ್ಟಿದ್ದರು, ಕ್ರೇ-1. 1977ರಲ್ಲಿ ತಂದಿದ್ದು, ಆಗ ಜಗತ್ತಿನ ಅತಿ ವೇಗದ ಯಂತ್ರಗಳಲ್ಲಿ ಒಂದು. ಸುತ್ತ ಮೆತ್ತನೆಯ ಬೆಂಚು ಇರೋ ದುಂಡನೆಯ ಕಂಬದ ಹಾಗಿದೆ. ತೂಕ ಸುಮಾರು ಐದು ಟನ್. ಮೆಮೊರಿ 8 ಎಂಬಿ. ನಿಮ್ಮ ಫೋನಿನ ಎರಡು-ಮೂರು ಫೋಟೊಗೆ ಅದು ತುಂಬಿ ಹೋಗುತ್ತೆ. ಅಷ್ಟರಲ್ಲೇ ಇವರು ಇಡೀ ಭೂಮಿಯ ಗಾಳಿಯ ಲೆಕ್ಕ ಹಾಕಿದರು. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ವಾರೆನ್ ವಾಷಿಂಗ್ಟನ್ ಅನ್ನೋ ಆಫ್ರಿಕನ್ ಅಮೆರಿಕನ್ ವಿಜ್ಞಾನಿ ಮತ್ತು ಜಪಾನಿನಿಂದ ಬಂದ ಅಕಿರಾ ಕಸಹಾರ ಸೇರಿ ಹವಾಮಾನದ ಮೊದಮೊದಲ ಕಂಪ್ಯೂಟರ್ ಮಾದರಿಗಳಲ್ಲಿ ಒಂದನ್ನು ಕಟ್ಟಿದ್ದರು.

ಇವರು ಇತರರ ಜೊತೆ ಸೇರಿ ಮಾಡಿದ ಡಬ್ಲ್ಯುಆರ್‌ಎಫ್ ಅನ್ನೋ ಹವಾಮಾನ ಮಾದರಿಯನ್ನು ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಂಡು ಬಳಸಬಹುದು. ನಮ್ಮ ಹವಾಮಾನ ಇಲಾಖೆಯೂ ಬಳಸುತ್ತೆ, ನಮ್ಮ ಕಾಲೇಜು ಮಕ್ಕಳೂ ಬಳಸ್ತಾರೆ. ನನ್ನ ಆ್ಯಪ್‌ನ 60 ಪರ್ಸೆಂಟ್ ನೆಟ್ಟಗೆ ಈ ಗುಡ್ಡದಿಂದ ಇಳಿದು ಬಂದಿದ್ದು ಅಂತ ನಾನು ಹೇಳ್ತಿಲ್ಲ. ಅದಕ್ಕೆ ಹಲವು ದೇಶಗಳ ಕೆಲಸ ಸೇರಿದೆ. ಆದರೆ ಆ ಲೆಕ್ಕದ ವಂಶಾವಳಿ ಬರೆದರೆ ಈ ಮನೆಯ ಹೆಸರು ಬಿಡೋಕಾಗಲ್ಲ.

ಹವಾಮಾನ ಈ ಮನೆಯನ್ನೂ ಬಿಟ್ಟಿಲ್ಲ. ಬೆಟ್ಟದಿಂದ ಇಳಿಯೋ ಗಾಳಿ ಇಲ್ಲಿ ಗಂಟೆಗೆ ನೂರು ಮೈಲಿಗೂ ಮೀರಿ ಬೀಸಿದ್ದಿದೆ. 2022ರ ಮಾರ್ಚ್ 26ರಂದು ಲ್ಯಾಬ್‌ನ ಹತ್ತಿರವೇ ಕಾಡಿಗೆ ಬೆಂಕಿ ಬಿತ್ತು. ಸುಮಾರು 190 ಎಕರೆ ಸುಟ್ಟಿತು, ಸಾವಿರಾರು ಜನ ಮನೆ ಬಿಟ್ಟು ಹೋದರು. ಕಟ್ಟಡ ಉಳಿಯಿತು.

ಬೆಂಕಿಯಿಂದ ಉಳಿದ ಮನೆಗೆ ಬೇರೆ ಗಂಡಾಂತರ ಬಂತು. 2025ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರದ ಬಜೆಟ್ ವಿಭಾಗದ ಮುಖ್ಯಸ್ಥರು ಎನ್‌ಕಾರ್ ಅನ್ನು ಒಡೆಯುತ್ತೇವೆ ಅಂತ ಪ್ರಕಟಿಸಿದರು. ಹವಾಮಾನ ಬದಲಾವಣೆ ಅಂತ ಗಾಬರಿ ಹುಟ್ಟಿಸೋ ಜಾಗ ಅನ್ನೋದು ಅವರ ಆರೋಪ. ಮುಖ್ಯವಾದ ಕೆಲಸಗಳನ್ನು, ಅಂದರೆ ಮಳೆ-ಗಾಳಿಯ ಸಂಶೋಧನೆಯಂಥದ್ದನ್ನು, ಬೇರೆ ಕಡೆಗೆ ಸಾಗಿಸ್ತೀವಿ ಅಂದರು. ವಿಜ್ಞಾನಿಗಳು, ಕೊಲರಾಡೊದ ಜನಪ್ರತಿನಿಧಿಗಳು ಕೂಡಲೇ ವಿರೋಧಿಸಿದರು.

ಸುದ್ದಿ ಓದಿದಾಗ ನನಗೆ ಆ ಮೆಟ್ಟಿಲುಗಳೇ ನೆನಪಾದವು. ನಾಳೆಯ ಮಳೆ ಒಂದು ಕಡೆ, ಐವತ್ತು ವರ್ಷದ ಬಿಸಿ ಇನ್ನೊಂದು ಕಡೆ ಅಂತ ಗೆರೆ ಎಳೆದು ಪಾಲು ಮಾಡೋಕೆ ಹೊರಟಿದ್ದಾರೆ. ಆದರೆ ಆ ಗೆರೆ ಬೇಡ ಅಂತಲೇ ಕಟ್ಟಿದ ಮನೆ ಅದು. ಗಾಳಿ ಒಂದೇ. ನಾಳೆ ನಮ್ಮ ತೋಟಕ್ಕೆ ಸುರಿಯೋ ಮೋಡವೂ, ಐವತ್ತು ವರ್ಷದಲ್ಲಿ ಬಿಸಿಯಾದ ಸಮುದ್ರವೂ ಬೇರೆ ಬೇರೆ ಫೈಲು ಅಲ್ಲ. ಕೂಡುಕುಟುಂಬ ಪಾಲಾಗೋದನ್ನು ನೋಡಿದವರಿಗೆ ಗೊತ್ತಿರುತ್ತೆ, ಪಾತ್ರೆ ಹಂಚಬಹುದು, ಜಗಲಿಯಲ್ಲಿ ಕೂತು ಆಡುತ್ತಿದ್ದ ಮಾತನ್ನು ಹಂಚೋಕಾಗಲ್ಲ. ಕಾಂಕ್ರೀಟ್ ಎಲ್ಲಿಗೂ ಹೋಗಲ್ಲ, ಇನ್ನೂ ನೂರು ವರ್ಷ ನಿಲ್ಲುತ್ತೆ. ಮೆಟ್ಟಿಲ ಮೇಲೆ ಎದುರಾಗೋ ಜನ ಹೋದರೆ ಅದು ಬರೀ ದಾರಿ ತಪ್ಪಿಸೋ ಕಟ್ಟಡ.

ಕೊನೆಗೆ ಅಪ್ಪಯ್ಯ ಔಷಧಿ ಹೊಡೆಸಿದರಾ ಅಂತ ಕೇಳ್ತೀರಾ? ಹೊಡೆಸಿದರು. ನನ್ನ 60 ಪರ್ಸೆಂಟ್ ಕೇಳಿದರು, ಪಕ್ಕದ ತೋಟದವರನ್ನು ಕೇಳಿದರು, ಬೆಳಗ್ಗೆ ಎದ್ದು ಪಡುವಣದ ಗುಡ್ಡ ನೋಡಿದರು. ಆಮೇಲೆ ಕೆಲಸದವರಿಗೆ ಹೇಳಿಕಳಿಸಿದರು. ಮಧ್ಯಾಹ್ನ ಎರಡಕ್ಕೆ ಮುಗಿಯಿತು, ಮಳೆ ಬಂದಿದ್ದು ರಾತ್ರಿ ಎಂಟಕ್ಕೆ.

“ನಿನ್ನ ಮೊಬೈಲು ಪರವಾಗಿಲ್ಲ ಮಾರಾಯ್ತಿ” ಅಂದರು.

“ಅದು ಮೊಬೈಲಿಂದಲ್ಲ ಅಪ್ಪಯ್ಯ, ಅಮೆರಿಕದಲ್ಲಿ ಒಂದು ಗುಡ್ಡ ಇದೆ...” ಅಂತ ಶುರು ಮಾಡಿದೆ.

“ಆಮೇಲೆ ಹೇಳು, ಕೊಟ್ಟಿಗೆ ಕೆಲಸ ಬಾಕಿ ಇದೆ” ಅಂತ ಫೋನಿಟ್ಟರು.

ಅವರಿಗೆ ಹೇಳೋಕೆ ಹೊರಟಿದ್ದನ್ನು ನಿಮಗೆ ಹೇಳಿದೀನಿ.